ಉಣ್ಣಿಯ ಗುಟ್ಟನ್ನು ಕಂಡ ಹಾವರ್ಡ್ ರಿಕೆಟ್ಸ್

ದನಕರುಗಳಿರುವ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಉಣ್ಣಿಯ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಎತ್ತಿನ ಕಿವಿಯ ಸಂದಿಯಲ್ಲಿ, ನಾಯಿಯ ಕೊರಳಿನಲ್ಲಿ, ಹುರುಳಿಕಾಳಿನಂತೆ ಉಬ್ಬಿ ಕುಳಿತಿರುವ ಈ ಜಂತುವನ್ನು ಎಲ್ಲರೂ ಬಲ್ಲರು. ಕೆಚ್ಚಲಿಗೆ ಕಚ್ಚಿಕೊಂಡಿದ್ದರೂ ಹಾಲನ್ನು ಬಿಟ್ಟು ನೆತ್ತರನ್ನೇ ಕುಡಿಯುವ ಉಣ್ಣಿಯನ್ನು ನಮ್ಮ ಹಿರಿಯರು ಗುಣವರಿಯದವರಿಗೆ ಹೋಲಿಸಿ ಹೇಳುವುದೂ ಉಂಟು. ಹೇನು, ಚಿಗಟ, ನುಸಿ ಇವೂ ಅದೇ ಕುಲದ ನೆಂಟರಂತೆ ಮನುಷ್ಯನ ಜೊತೆಗೇ ಬಾಳಿಕೊಂಡು ಬಂದಿವೆ. ಆದರೆ ಇವು ನೆತ್ತರನ್ನು ಹೀರುವುದಷ್ಟೇ ಅಲ್ಲ, ಹೀರುವಾಗ ಮೃತ್ಯುವನ್ನು ಒಳಗೆ ಬಿಟ್ಟು ಹೋಗುವುದೂ ಉಂಟು ಎಂಬುದು ಮನುಷ್ಯನಿಗೆ ತಿಳಿದದ್ದು ತೀರ ಈಚೆಗೆ. ಅದನ್ನು ತಿಳಿಸಿಕೊಟ್ಟವರಲ್ಲಿ ಒಬ್ಬನು ತನ್ನ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ತಾನು ಹುಡುಕುತ್ತಿದ್ದ ರೋಗಕ್ಕೇ ತುತ್ತಾಗಿ ತೀರಿಕೊಂಡನು. ಅವನೇ ಹಾವರ್ಡ್ ಟೇಲರ್ ರಿಕೆಟ್ಸ್.

ನಾನು ಇತಿಹಾಸದ ವಿದ್ಯಾರ್ಥಿ. ವೈದ್ಯಶಾಸ್ತ್ರದ ವಿಷಯದಲ್ಲಿ ನಾನೇಕೆ ಲೇಖನಿ ಹಿಡಿಯಬೇಕು ಎಂದು ಕೆಲವು ಮಿತ್ರರು ಕೇಳಬಹುದು. ಯುದ್ಧಗಳ ಚರಿತ್ರೆಯನ್ನು ಓದುವಾಗ ಟೈಫಸ್ ಎಂಬ ಜ್ವರದ ಹೆಸರು ನನಗೆ ಪದೇ ಪದೇ ಎದುರಾಯಿತು. ಸೆರೆಮನೆಗಳಲ್ಲಿ, ಹಡಗುಗಳಲ್ಲಿ, ಬರಗಾಲದ ಗುಡಿಸಲುಗಳಲ್ಲಿ, ಚಳಿಗಾಲದ ಸೇನಾಶಿಬಿರಗಳಲ್ಲಿ ಈ ಜ್ವರ ಹಬ್ಬಿ, ಕತ್ತಿ ಕೋವಿಗಳಿಗೆ ಉಳಿದವರನ್ನು ತಾನು ಕೊಂಡೊಯ್ದಿದೆ. ಮೊದಲನೆಯ ಮಹಾಯುದ್ಧದ ಆರಂಭದಲ್ಲಿ ಸರ್ಬಿಯಾ ಒಂದರಲ್ಲಿಯೇ ಇದಕ್ಕೆ ಬಲಿಯಾದವರು ಒಂದೂವರೆ ಲಕ್ಷಕ್ಕೆ ಕಡಮೆಯಿಲ್ಲವೆಂದು ಹೇಳುತ್ತಾರೆ. ಇಷ್ಟು ದೊಡ್ಡ ಶತ್ರುವಿನ ಗುಟ್ಟನ್ನು ಹಿಡಿಯಲು ಹೊರಟವನ ಕಥೆ ರಾಜರ ಕಥೆಗಿಂತ ಕಡಮೆಯದಲ್ಲವೆಂದು ನನಗೆ ತೋರಿತು. ಅದಕ್ಕಾಗಿ ಈ ಪುಟ್ಟ ಪ್ರಯತ್ನ.

ರಿಕೆಟ್ಸನು ಹುಟ್ಟಿದ್ದು ಅಮೆರಿಕಾ ದೇಶದ ಒಹಾಯೊ ಸಂಸ್ಥಾನದ ಫಿಂಡ್ಲೆ ಎಂಬ ಊರಿನಲ್ಲಿ, ೧೮೭೧ನೆಯ ಇಸವಿ ಫೆಬ್ರವರಿ ೯ರಂದು. ನೆಬ್ರಾಸ್ಕ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರವನ್ನು ಓದಿ ೧೮೯೪ರಲ್ಲಿ ಪದವೀಧರನಾದನು. ಅದಕ್ಕೆ ಒಂದು ವರ್ಷ ಮೊದಲು ಅಮೆರಿಕೆಯಲ್ಲಿ ದೊಡ್ಡ ಹಣದ ಮುಗ್ಗಟ್ಟು ತಲೆದೋರಿತ್ತು. ಬ್ಯಾಂಕುಗಳು ಮುಚ್ಚಿದವು, ಅನುಕೂಲವಂತರು ಬಡವರಾದರು. ರಿಕೆಟ್ಸನ ಮನೆಯವರೂ ಈ ಬಿರುಗಾಳಿಗೆ ಸಿಕ್ಕಿದರು. ಆದುದರಿಂದ ಷಿಕಾಗೋ ನಗರದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯವಿದ್ಯೆಗೆ ಸೇರಿದಾಗ ಅವನು ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕಾಯಿತು. ಕಾಲೇಜಿನ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡಿಕೊಂಡು ಓದಿ, ೧೮೯೭ರಲ್ಲಿ ವೈದ್ಯನಾಗಿ ಹೊರಬಂದನು. ಹಗಲು ಪಾಠ, ಸಂಜೆ ಸಂಬಳದ ಕೆಲಸ ಎಂಬ ಬಾಳು ನಮ್ಮ ಕಾಲೇಜಿನ ಅನೇಕರಿಗೆ ಹೊಸದಲ್ಲವಷ್ಟೆ.

ವೈದ್ಯನಾದವನು ಊರಿನಲ್ಲಿ ಔಷಧಾಲಯವನ್ನು ತೆರೆದು ಹಣ ಗಳಿಸಬಹುದಾಗಿತ್ತು. ಆತ ಆ ದಾರಿಯನ್ನು ಹಿಡಿಯಲಿಲ್ಲ. ಕುಕ್ ಕೌಂಟಿಯ ದೊಡ್ಡ ಆಸ್ಪತ್ರೆಯಲ್ಲಿ ಕೆಲಕಾಲ ಸೇವೆ ಮಾಡಿ, ಅನಂತರ ರಷ್ ವೈದ್ಯಕೀಯ ಕಾಲೇಜಿನಲ್ಲಿ ರೋಗವಿಜ್ಞಾನದ ಸಂಶೋಧಕನಾದನು. ಬ್ಲಾಸ್ಟೊಮೈಕೋಸಿಸ್ ಎಂಬ, ಬೂಷ್ಟಿನ ಜಾತಿಯ ಜೀವಿಯಿಂದ ಬರುವ ಚರ್ಮರೋಗದ ಮೇಲೆ ಅವನ ಮೊದಲ ಸಂಶೋಧನೆಗಳು ನಡೆದವು. ರೋಗದ ಸ್ವಭಾವವನ್ನು ತಿಳಿಯುವುದಕ್ಕಾಗಿ ರೋಗಾಣುಗಳನ್ನು ತನ್ನ ಮೈಗೇ ಚುಚ್ಚಿಕೊಂಡದ್ದೂ ಉಂಟಂತೆ. ೧೯೦೦ರಲ್ಲಿ ಮೈರಾ ಟಬ್ಸ್ ಎಂಬ ಕನ್ಯೆಯನ್ನು ವಿವಾಹವಾದನು. ಮುಂದಿನ ವರ್ಷ ಯೂರೋಪಿಗೆ ಹೋಗಿ ಅಲ್ಲಿನ ಹೆಸರಾಂತ ಪ್ರಯೋಗಶಾಲೆಗಳಲ್ಲಿ ಅಭ್ಯಾಸ ಮಾಡಿ, ೧೯೦೨ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ರೋಗವಿಜ್ಞಾನ ವಿಭಾಗವನ್ನು ಸೇರಿದನು. ಅಲ್ಲಿ ಲುಡ್ವಿಗ್ ಹೆಕ್ಟೋಯನ್ ಎಂಬ ಹಿರಿಯ ವಿದ್ವಾಂಸನ ಆಶ್ರಯ ದೊರಕಿತು. ಸೋಂಕು, ರೋಗನಿರೋಧ, ಸೀರಮ್ ಚಿಕಿತ್ಸೆ ಇವುಗಳನ್ನು ಕುರಿತು ಆತ ಬರೆದ ಪಠ್ಯಗ್ರಂಥವು ೧೯೦೬ರಲ್ಲಿ ಹೊರಬಂದಿತು. ಅದೇ ವರ್ಷದ ವಸಂತದಲ್ಲಿ ಅವನ ಬಾಳು ಬೇರೊಂದು ದಿಕ್ಕಿಗೆ ತಿರುಗಿತು.

ಅಮೆರಿಕೆಯ ವಾಯವ್ಯದಲ್ಲಿ ಮಾಂಟಾನ ಎಂಬ ಪರ್ವತಮಯ ಸಂಸ್ಥಾನವಿದೆ. ಅಲ್ಲಿ ಬಿಟರ್‌ರೂಟ್ ಎಂಬ ನದಿ ಉತ್ತರಮುಖವಾಗಿ ಹರಿಯುತ್ತದೆ. ಪಶ್ಚಿಮಕ್ಕೆ ಅದೇ ಹೆಸರಿನ ಹಿಮಶಿಖರಗಳು, ಪೂರ್ವಕ್ಕೆ ಸಫೈರ್ ಪರ್ವತಗಳು, ನಡುವೆ ಕಣ್ಣಿಗೆ ಹಬ್ಬವಾದ ಕಣಿವೆ. ಕಹಿಬೇರಿನ ಪುಟ್ಟ ಹೂಗಿಡವೊಂದು ಈ ನದಿಗೂ ಬೆಟ್ಟಕ್ಕೂ ಕಣಿವೆಗೂ ಹೆಸರು ಕೊಟ್ಟಿದೆ. ಮರಕಡಿಯುವವರೂ, ಸೇಬಿನ ತೋಟಗಳನ್ನು ಹಾಕುವವರೂ, ದನ ಸಾಕುವವರೂ ಬಂದು ಇಲ್ಲಿ ನೆಲೆಸುತ್ತಿದ್ದ ಕಾಲವದು. ಆದರೆ ಈ ಸುಂದರ ಕಣಿವೆಗೆ ಪ್ರತಿ ವಸಂತದಲ್ಲಿಯೂ ಒಂದು ಶಾಪ ತಗಲುತ್ತಿತ್ತು. ಹಿಮ ಕರಗಿ ಹುಲ್ಲು ಚಿಗುರುವ ಹೊತ್ತಿಗೆ ಗಟ್ಟಿಮುಟ್ಟಾದ ಜನರು ತಲೆನೋವು, ಚಳಿ, ವಿಪರೀತ ಜ್ವರದಿಂದ ಮಲಗುತ್ತಿದ್ದರು. ಕೆಲವು ದಿನಗಳಲ್ಲಿ ಮಣಿಕಟ್ಟು ಮತ್ತು ಕಾಲಿನ ಗಂಟುಗಳ ಬಳಿ ಕೆಂಪು ಚುಕ್ಕೆಗಳು ತೋರಿ, ಮೈಯೆಲ್ಲ ಹಬ್ಬಿ, ಕಪ್ಪಿಗೆ ತಿರುಗುತ್ತಿದ್ದವು. ಹತ್ತು ಮಂದಿಗೆ ಜ್ವರ ಬಂದರೆ ಏಳೆಂಟು ಮಂದಿ ಸಾಯುತ್ತಿದ್ದರು. ವಿಚಿತ್ರವೆಂದರೆ, ನೆರೆಯ ಐಡಹೊ ಸಂಸ್ಥಾನದಲ್ಲಿಯೂ ಇದೇ ಚುಕ್ಕೆಜ್ವರವಿತ್ತು. ಆದರೆ ಅಲ್ಲಿ ನೂರಕ್ಕೆ ಐದಾರು ಮಂದಿ ಮಾತ್ರ ಸಾಯುತ್ತಿದ್ದರು.

ಇನ್ನೂ ವಿಚಿತ್ರವಾದ ಸಂಗತಿಗಳಿದ್ದವು. ರೋಗವೆಲ್ಲ ಹೆಚ್ಚಾಗಿ ನದಿಯ ಪಶ್ಚಿಮದ ದಡದಲ್ಲಿ. ಪೂರ್ವದ ದಡದವರು ಬಹುಮಟ್ಟಿಗೆ ಕ್ಷೇಮ. ರೋಗಿಯ ಶುಶ್ರೂಷೆ ಮಾಡಿದವರಿಗೆ ರೋಗ ತಗಲುತ್ತಿರಲಿಲ್ಲ. ಬೇಸಗೆ ಬಲಿತಂತೆ ಜ್ವರ ತಾನಾಗಿಯೇ ಅಡಗುತ್ತಿತ್ತು. ಪಶ್ಚಿಮದ ಬೆಟ್ಟಗಳ ಹಿಮ ಕರಗಿದ ನೀರನ್ನು ಕುಡಿಯುವುದರಿಂದ ಜ್ವರ ಬರುತ್ತದೆಂದು ಜನರು ನಂಬಿದ್ದರು. ೧೯೦೨ರಲ್ಲಿ ವಿಲ್ಸನ್ ಮತ್ತು ಚೌನಿಂಗ್ ಎಂಬ ಇಬ್ಬರು ವೈದ್ಯರು ಇಲ್ಲಿಗೆ ಬಂದು ಪರೀಕ್ಷಿಸಿ, ನೆಲದ ಅಳಿಲುಗಳಿಂದ ಉಣ್ಣಿಗಳ ಮೂಲಕ ಮನುಷ್ಯನಿಗೆ ರೋಗ ಬರುತ್ತದೆಂದು ಊಹಿಸಿದರು. ರೋಗಿಗಳ ರಕ್ತದಲ್ಲಿ ಮಲೇರಿಯದ ಜೀವಿಯನ್ನು ಹೋಲುವ ಒಂದು ಪರೋಪಜೀವಿಯನ್ನು ಕಂಡುದಾಗಿಯೂ ಹೇಳಿದರು. ೧೯೦೪ರಲ್ಲಿ ಸ್ಟೈಲ್ಸ್ ಎಂಬ ಪ್ರಸಿದ್ಧ ಪ್ರಾಣಿಶಾಸ್ತ್ರಜ್ಞನು ಬಂದನು. ಅಂಥ ಪರೋಪಜೀವಿ ಅವನ ಕಣ್ಣಿಗೆ ಬೀಳಲಿಲ್ಲ. ಪರೋಪಜೀವಿ ಸುಳ್ಳಾದ ಮೇಲೆ ಉಣ್ಣಿಯ ಮಾತಿಗೂ ಆಧಾರವಿಲ್ಲವೆಂದು ಅವನು ತೀರ್ಪಿತ್ತನು.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ನನ್ನ ಬಿನ್ನಹ. ಮೊದಲಿನವರು ಉಣ್ಣಿಯ ವಿಷಯದಲ್ಲಿ ಸರಿ, ಪರೋಪಜೀವಿಯ ವಿಷಯದಲ್ಲಿ ತಪ್ಪು. ಎರಡನೆಯವನು ಪರೋಪಜೀವಿಯ ವಿಷಯದಲ್ಲಿ ಸರಿ, ಉಣ್ಣಿಯ ವಿಷಯದಲ್ಲಿ ತಪ್ಪು. ಇಬ್ಬರಲ್ಲಿಯೂ ಅರ್ಧ ಸತ್ಯವಿತ್ತು; ಆದರೆ ಯಾರ ಕೈಯಲ್ಲಿ ಯಾವ ಅರ್ಧವಿದೆಯೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ವಾದದಲ್ಲಿ ಗೆದ್ದವನ ಮಾತೆಲ್ಲ ನಿಜವಲ್ಲ, ಸೋತವನ ಮಾತೆಲ್ಲ ಸುಳ್ಳಲ್ಲ ಎಂಬುದು ಚರಿತ್ರೆಯನ್ನು ಓದುವ ನಮಗೂ ನೆನಪಿರಬೇಕಾದ ಪಾಠ. ಇಂಥ ಗೋಜಲಿನ ನಡುವೆ ರಿಕೆಟ್ಸನು ಕಾಲಿಟ್ಟನು.

೧೯೦೬ರ ವಸಂತದಲ್ಲಿ ಅವನು ಕಣಿವೆಯ ಬಾಗಿಲಿನಂತಿರುವ ಮಿಸೂಲ ಪಟ್ಟಣಕ್ಕೆ ಬಂದನು. ಭವ್ಯವಾದ ಪ್ರಯೋಗಶಾಲೆಯೇನೂ ಅವನಿಗಾಗಿ ಕಾದಿರಲಿಲ್ಲ. ಆಸ್ಪತ್ರೆಯ ಆವರಣದಲ್ಲಿ ಹಾಕಿಕೊಂಡ ಡೇರೆಯೇ ಪ್ರಯೋಗಶಾಲೆ. ಒಂದು ಸೂಕ್ಷ್ಮದರ್ಶಕ, ಕೆಲವು ಪಂಜರ, ಗಿನಿಯಿಲಿಗಳು ಇವೇ ಪರಿಕರಗಳು. ಮೊದಲು ಅವನು ಮಾಡಿದ್ದು ಸರಳವಾದ ಕೆಲಸ. ರೋಗಿಯ ರಕ್ತವನ್ನು ಗಿನಿಯಿಲಿಗೆ ಚುಚ್ಚಿದನು. ಇಲಿಗೆ ಜ್ವರ ಬಂದಿತು. ಅದರ ರಕ್ತದಿಂದ ಮತ್ತೊಂದು ಇಲಿಗೆ, ಅದರಿಂದ ಇನ್ನೊಂದಕ್ಕೆ, ಹೀಗೆ ರೋಗವನ್ನು ಪಂಜರದೊಳಗೆ ಜೀವಂತವಾಗಿ ಉಳಿಸಿಕೊಳ್ಳಲು ಸಾಧ್ಯವಾಯಿತು. ಇದರ ಬೆಲೆಯೇನೆಂಬುದನ್ನು ಮರೆಯಬಾರದು. ಅದುವರೆಗೆ ಈ ರೋಗವನ್ನು ಪರೀಕ್ಷಿಸಬೇಕಾದರೆ ಸಾಯುತ್ತಿರುವ ಮನುಷ್ಯನ ಬಳಿಯೇ ಕುಳಿತಿರಬೇಕಾಗಿತ್ತು. ಇನ್ನು ಮೇಲೆ ಪ್ರಶ್ನೆಗಳನ್ನು ಪಂಜರದಲ್ಲಿ ಕೇಳಬಹುದಾಯಿತು. ಬದುಕುಳಿದ ಇಲಿಗಳಿಗೆ ಮತ್ತೆ ಅದೇ ರಕ್ತವನ್ನು ಚುಚ್ಚಿದರೆ ಜ್ವರ ಬರುತ್ತಿರಲಿಲ್ಲ. ಅವುಗಳಿಗೆ ನಿರೋಧಶಕ್ತಿ ಬಂದಿರುತ್ತಿತ್ತು.

ಎರಡನೆಯ ಪ್ರಶ್ನೆ ಉಣ್ಣಿಯದು. ಜ್ವರ ಬಂದ ಗಿನಿಯಿಲಿಯ ಮೇಲೆ ಒಂದು ಉಣ್ಣಿಯನ್ನು ಬಿಟ್ಟು ಅದು ರಕ್ತ ಕುಡಿಯುವಂತೆ ಮಾಡಿದನು. ಅದನ್ನು ತೆಗೆದು, ಕೆಲವು ದಿನಗಳ ಮೇಲೆ ಆರೋಗ್ಯವಾದ ಗಿನಿಯಿಲಿಗೆ ಕಚ್ಚಿಸಿದನು. ಆ ಇಲಿಗೂ ಜ್ವರ ಬಂದಿತು. ಆದರೆ ಪಂಜರದಲ್ಲಿ ಹತ್ತಿರವಿದ್ದುದರಿಂದಲೇ ರೋಗ ಅಂಟಿರಬಾರದೇಕೆ? ಅದಕ್ಕೂ ಉತ್ತರ ಬೇಕು. ರೋಗದ ಇಲಿಯನ್ನೂ ಆರೋಗ್ಯದ ಇಲಿಯನ್ನೂ ಉಣ್ಣಿಯಿಲ್ಲದೆ ಒಟ್ಟಿಗೆ ಇಟ್ಟರೆ ರೋಗ ದಾಟುತ್ತಿರಲಿಲ್ಲ. ಅಂದಮೇಲೆ ಉಣ್ಣಿಯೇ ದೂತ. ೧೯೦೬ರಲ್ಲಿಯೇ ಅವನು ಇದನ್ನು ಪ್ರಕಟಿಸಿದನು. ಅದೇ ಕಾಲಕ್ಕೆ ಕಿಂಗ್ ಎಂಬ ಸರ್ಕಾರಿ ವೈದ್ಯನೂ ಸ್ವತಂತ್ರವಾಗಿ ಇದೇ ಫಲವನ್ನು ಪಡೆದಿದ್ದನೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

ಇಷ್ಟಕ್ಕೆ ನಿಂತಿದ್ದರೂ ಕೀರ್ತಿ ಬರುತ್ತಿತ್ತು. ಆದರೆ ಪಂಜರದಲ್ಲಿ ನಡೆದದ್ದು ಕಾಡಿನಲ್ಲಿಯೂ ನಡೆಯುತ್ತದೆಯೆ? ಇದನ್ನು ತಿಳಿಯದೆ ಅವನಿಗೆ ಸಮಾಧಾನವಿರಲಿಲ್ಲ. ಮುಂದಿನ ವರ್ಷಗಳಲ್ಲಿ ಕಣಿವೆಯಲ್ಲಿ ಉಣ್ಣಿಗಳನ್ನು ಹಿಡಿಸಿ ತರಿಸಿ ಗಿನಿಯಿಲಿಗಳ ಮೇಲೆ ಬಿಟ್ಟನು. ಬಹುಪಾಲು ಉಣ್ಣಿಗಳು ನಿರಪಾಯ. ಎಲ್ಲೋ ಒಂದೊಂದು ಮಾತ್ರ ರೋಗವನ್ನು ಹೊತ್ತಿತ್ತು. ಕಚ್ಚಿಸಿಕೊಂಡವರೆಲ್ಲರೂ ಏಕೆ ಸಾಯುವುದಿಲ್ಲವೆಂಬ ಜನರ ಆಕ್ಷೇಪಣೆಗೆ ಇದೇ ಉತ್ತರವಾಯಿತು. ಹಾಗಾದರೆ ಚಳಿಗಾಲವೆಲ್ಲ ರೋಗವು ಎಲ್ಲಿ ಅಡಗಿರುತ್ತದೆ? ಹೆಣ್ಣು ಉಣ್ಣಿಯು ಸಾವಿರಗಟ್ಟಲೆ ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ರೋಗವುಳ್ಳ ತಾಯಿಯ ಮೊಟ್ಟೆಗಳಿಂದ ಹೊರಬಂದ, ಯಾವ ಪ್ರಾಣಿಯ ರಕ್ತವನ್ನೂ ಕುಡಿಯದ ಮರಿಗಳಲ್ಲಿಯೂ ರೋಗವಿರಬಹುದೆಂದು ಅವನು ತೋರಿಸಿದನು. ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ, ಮರಿಯಿಂದ ಬೆಳೆದ ಉಣ್ಣಿಗೆ, ಮತ್ತೆ ಅದರ ಮೊಟ್ಟೆಗೆ ರೋಗವು ಪಿತ್ರಾರ್ಜಿತ ಆಸ್ತಿಯಂತೆ ಇಳಿದು ಬರುತ್ತಿತ್ತು! ಮರಿ ಉಣ್ಣಿಗಳು ಅಳಿಲು ಮೊದಲಾದ ಸಣ್ಣ ಪ್ರಾಣಿಗಳ ರಕ್ತವನ್ನು ಕುಡಿದು ಬೆಳೆಯುತ್ತವೆ. ಬಲಿತವು ಕುದುರೆ ದನಗಳನ್ನು ಹತ್ತುತ್ತವೆ. ದಾರಿಯಲ್ಲಿ ಸಿಕ್ಕ ಮನುಷ್ಯನನ್ನೂ ಬಿಡುವುದಿಲ್ಲ. ಮನುಷ್ಯನು ಈ ಚಕ್ರದಲ್ಲಿ ಅಕಸ್ಮಾತ್ತಾಗಿ ಸಿಕ್ಕಿಕೊಂಡ ಅತಿಥಿಯೇ ಹೊರತು ಮನೆಯವನಲ್ಲ. ವಸಂತದಲ್ಲಿಯೇ ಜ್ವರವೇಕೆ ಎಂಬ ಒಗಟೂ ಬಿಡಿಸಿತು. ಹಸಿದ ಬಲಿತ ಉಣ್ಣಿಗಳು ಹೊರಬಿದ್ದು ಹುಲ್ಲಿನ ತುದಿಯಲ್ಲಿ ಕಾದು ಕೂರುವುದು ಆಗಲೇ.

ಇಷ್ಟು ಬೆಳಕು ಕಂಡ ಮೇಲೆ ಕಣಿವೆಯ ಜನ ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಿದರೆಂದು ನಾವು ಭಾವಿಸಬಹುದು. ಎಲ್ಲರೂ ಹಾಗೆ ಮಾಡಲಿಲ್ಲ. ಕಣಿವೆಯಲ್ಲಿ ಭೂಮಿಯನ್ನು ಮಾರಿ ಹಣ ಮಾಡುತ್ತಿದ್ದವರಿಗೆ, ಇಲ್ಲಿನ ಹುಲ್ಲಿನಲ್ಲಿ ಮೃತ್ಯು ಕುಳಿತಿದೆ ಎಂಬ ಮಾತು ಹೇಗೆ ರುಚಿಸೀತು? ರೋಗದ ಸುದ್ದಿ ಹೊರಗೆ ಹಬ್ಬಿದರೆ ಸೇಬಿನ ತೋಟಗಳಿಗೆ ಕೊಳ್ಳುವವರು ಬಾರರು. ಹಲವರಿಗೆ ಉಣ್ಣಿಯ ಮಾತಿಗಿಂತ ಹಿಮದ ನೀರಿನ ಮಾತೇ ಹೆಚ್ಚು ಹಿತವಾಗಿ ಕಂಡಿತು. ಸತ್ಯವು ಕಹಿಯಾಗಿರುವುದು ಬಿಟರ್‌ರೂಟ್ ಕಣಿವೆಯಲ್ಲಿ ಮಾತ್ರವಲ್ಲ. ಅದು ಯಾರದಾದರೂ ಲಾಭಕ್ಕೆ ಅಡ್ಡ ಬಂದಾಗಲೆಲ್ಲ ಎಲ್ಲೆಡೆಯಲ್ಲಿಯೂ ಹೀಗೆಯೇ. ಸಂಶೋಧನೆಗೆ ಬೇಕಾದ ಹಣಕ್ಕೂ ಆತ ವರ್ಷ ವರ್ಷವೂ ಕಷ್ಟಪಡಬೇಕಾಯಿತು.

ಇನ್ನು ಉಳಿದದ್ದು ಮೂಲ ಪ್ರಶ್ನೆ. ಉಣ್ಣಿಯು ದೂತನಾದರೆ ಅದು ತರುವ ರೋಗಾಣು ಯಾವುದು? ರೋಗದ ರಕ್ತವನ್ನು ಸೂಕ್ಷ್ಮವಾದ ಸೋಸುಕದಲ್ಲಿ ಸೋಸಿದರೆ ಸೋಸಿದ ದ್ರವದಲ್ಲಿ ರೋಗವಿರುತ್ತಿರಲಿಲ್ಲ. ಆದುದರಿಂದ ಅದು ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣದಲ್ಲ. ರೋಗಿಗಳ ರಕ್ತವನ್ನೂ ಉಣ್ಣಿಯ ಮೊಟ್ಟೆಗಳನ್ನೂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ತಿಂಗಳುಗಟ್ಟಲೆ ನೋಡಿದನು. ೧೯೦೯ರಲ್ಲಿ ಅವನು ಎರಡು ತುದಿಗಳಲ್ಲಿ ಬಣ್ಣವನ್ನು ಹೀರುವ, ಅತಿ ಚಿಕ್ಕದಾದ ದಂಡಾಕಾರದ ಜೀವಿಗಳನ್ನು ವರ್ಣಿಸಿದನು. ರೋಗವುಳ್ಳ ಉಣ್ಣಿಯ ಮೊಟ್ಟೆಗಳಲ್ಲಿ ಅವು ತುಂಬಿದ್ದವು.

ಆಗಿನ ವಿಜ್ಞಾನದ ನಿಯಮವೊಂದಿತ್ತು. ರೋಗಾಣುವೆಂದು ಹೇಳಬೇಕಾದರೆ ಅದನ್ನು ಗಾಜಿನ ಬಟ್ಟಲಿನಲ್ಲಿ ಪ್ರತ್ಯೇಕವಾಗಿ ಬೆಳೆಸಿ ತೋರಿಸಬೇಕು. ರಿಕೆಟ್ಸನು ಎಷ್ಟು ಪ್ರಯತ್ನಿಸಿದರೂ ಅವು ಬೆಳೆಯಲಿಲ್ಲ. ಕಾರಣ ನಮಗೆ ಇಂದು ಗೊತ್ತಿದೆ. ಇವು ಜೀವಂತ ಕೋಶದ ಒಳಗಲ್ಲದೆ ಬೇರೆಲ್ಲಿಯೂ ಬೆಳೆಯಲಾರದ ಬ್ಯಾಕ್ಟೀರಿಯಗಳು; ಮಾಂಸದ ಸಾರು, ಅಂಟು ಮೊದಲಾದ ನಿರ್ಜೀವ ಆಹಾರ ಇವಕ್ಕೆ ಬೇಡ. ಆತನಿಗೆ ಇದು ತಿಳಿಯುವ ಸಾಧನವಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕಂಡದ್ದಕ್ಕೆ ಒಂದು ಲ್ಯಾಟಿನ್ ಹೆಸರನ್ನಿಟ್ಟು ಹಿಂದೆಯೇ ತಮ್ಮ ಹೆಸರನ್ನೂ ಅಂಟಿಸುತ್ತಿದ್ದರು. ರಿಕೆಟ್ಸನು ಹಾಗೆ ಮಾಡಲಿಲ್ಲ. ಕಂಡದ್ದನ್ನು ಕಂಡಂತೆ ಬರೆದನು. ಪೂರ್ತಿ ಸಾಧಿಸದೆ ಇದ್ದುದಕ್ಕೆ ಹೆಸರಿಡಲಿಲ್ಲ. ಅವನ ಜೀವನದಲ್ಲಿ ನನಗೆ ಎಲ್ಲಕ್ಕಿಂತಲೂ ದೊಡ್ಡದಾಗಿ ಕಾಣುವ ಸಂಗತಿ ಇದು.

೧೯೦೯ರ ಕೊನೆಯಲ್ಲಿ ಆತ ತನ್ನ ಶಿಷ್ಯ ರಸೆಲ್ ವೈಲ್ಡರನನ್ನು ಕರೆದುಕೊಂಡು ಮೆಕ್ಸಿಕೋ ನಗರಕ್ಕೆ ಹೊರಟನು. ಅಲ್ಲಿ ತಬರ್ದಿಯೊ ಎಂದು ಜನರು ಕರೆಯುತ್ತಿದ್ದ ಟೈಫಸ್ ಜ್ವರ ಹಾವಳಿ ಮಾಡುತ್ತಿತ್ತು. ಚುಕ್ಕೆಜ್ವರವನ್ನು ಹೋಲುವ ಈ ಜ್ವರವೂ ಅದೂ ಒಂದೆಯೋ ಬೇರೆಯೋ ಎಂಬುದನ್ನು ಆತ ತಿಳಿಯಬೇಕಾಗಿತ್ತು. ಅದೇ ವರ್ಷ ಟ್ಯೂನಿಸ್ ನಗರದಲ್ಲಿ ಷಾರ್ಲ್ ನಿಕೋಲ್ ಎಂಬ ಫ್ರೆಂಚ್ ವಿಜ್ಞಾನಿಯು ಟೈಫಸ್ಸನ್ನು ಹರಡುವುದು ಬಟ್ಟೆಯಲ್ಲಿ ವಾಸಿಸುವ ಮೈಹೇನು ಎಂದು ಕಂಡುಕೊಂಡಿದ್ದನು. ಅದಕ್ಕಾಗಿ ೧೯೨೮ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ರಿಕೆಟ್ಸ್ ಮತ್ತು ವೈಲ್ಡರ್ ಮೆಕ್ಸಿಕೋದಲ್ಲಿ ಕೋತಿಗಳ ಮೇಲೆ ಪ್ರಯೋಗಗಳನ್ನು ಮಾಡಿ, ಅಲ್ಲಿನ ಜ್ವರವೂ ಹೇನಿನಿಂದಲೇ ಹರಡುತ್ತದೆಂದು ಸಿದ್ಧಪಡಿಸಿದರು. ಚುಕ್ಕೆಜ್ವರವೂ ಟೈಫಸ್ಸೂ ಬೇರೆ ಬೇರೆ ರೋಗಗಳೆಂದು ತೋರಿಸಿದರು. ರೋಗಿಗಳ ರಕ್ತದಲ್ಲಿಯೂ ಹೇನಿನ ಮೈಯಲ್ಲಿಯೂ ಮತ್ತೆ ಅದೇ ಬಗೆಯ ಸಣ್ಣ ದಂಡಾಕಾರದ ಜೀವಿಗಳು ಕಂಡವು. ಮತ್ತೆ ರಿಕೆಟ್ಸನು ಹೆಸರಿಡಲಿಲ್ಲ.

ಹೇನಿನ ಜೊತೆಗೆ ಕೆಲಸ ಮಾಡುವುದೆಂದರೆ ಕತ್ತಿಯ ಅಲಗಿನ ಮೇಲೆ ನಡೆದಂತೆ. ಅದೇ ನಗರದಲ್ಲಿ ಇದೇ ರೋಗವನ್ನು ಪರೀಕ್ಷಿಸುತ್ತಿದ್ದ ಜೋಸೆಫ್ ಗೋಲ್ಡ್‌ಬರ್ಗರನೂ ಟೈಫಸ್ಸಿಗೆ ಸಿಕ್ಕಿದನು, ದೈವವಶಾತ್ ಬದುಕಿದನು. ರಿಕೆಟ್ಸನಿಗೆ ಆ ಭಾಗ್ಯವಿರಲಿಲ್ಲ. ಕೆಲಸವು ಮುಗಿಯುತ್ತ ಬಂದಿದ್ದಾಗಲೇ ಜ್ವರ ಅವನನ್ನು ಹಿಡಿಯಿತು. ೧೯೧೦ನೆಯ ಮೇ ೩ರಂದು ಮೆಕ್ಸಿಕೋ ನಗರದಲ್ಲಿ ಅವನು ಕಣ್ಣು ಮುಚ್ಚಿದನು. ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ರೋಗವಿಜ್ಞಾನದ ಪ್ರಾಧ್ಯಾಪಕ ಪೀಠ ಅವನಿಗಾಗಿ ಕಾದಿತ್ತು. ಮನೆಯಲ್ಲಿ ಹೆಂಡತಿ, ಇಬ್ಬರು ಎಳೆಯ ಮಕ್ಕಳು. ಮೆಕ್ಸಿಕೋ ಸರ್ಕಾರವು ಮೂರು ದಿನಗಳ ಶೋಕವನ್ನು ಆಚರಿಸಿ, ಅವನು ಕೆಲಸ ಮಾಡಿದ ಪ್ರಯೋಗಶಾಲೆಗೆ ಅವನ ಹೆಸರನ್ನಿಟ್ಟು ಗೌರವಿಸಿತು.

ಅವನು ಬಿಟ್ಟುಹೋದ ಕೆಲಸವನ್ನು ಕೈಗೆತ್ತಿಕೊಂಡವರಲ್ಲಿಯೂ ಕೆಲವರು ಅದೇ ದಾರಿಯಲ್ಲಿ ಹೋದರು. ಕಣಿವೆಯಲ್ಲಿ ಉಣ್ಣಿಗಳ ನಿರ್ಮೂಲನಕ್ಕೆ ದುಡಿದ ಮೆಕ್ಲಿಂಟಿಕ್ ಎಂಬ ವೈದ್ಯನು ೧೯೧೨ರಲ್ಲಿ ಚುಕ್ಕೆಜ್ವರದಿಂದಲೇ ತೀರಿಕೊಂಡನು. ಟೈಫಸ್ಸನ್ನು ಪರೀಕ್ಷಿಸುತ್ತಿದ್ದ ಸ್ಟಾನಿಸ್ಲಾಸ್ ಫಾನ್ ಪ್ರೊವಾಜೆಕ್ ಎಂಬವನು ೧೯೧೫ರಲ್ಲಿ ಟೈಫಸ್ಸಿಗೆ ಬಲಿಯಾದನು. ಅವನೊಡನೆ ಕೆಲಸ ಮಾಡುತ್ತಿದ್ದ ಬ್ರೆಜಿಲ್ ದೇಶದ ಎನ್ರಿಕೆ ಡ ರೋಷ ಲಿಮನು, ಹೇನಿನ ಕರುಳಿನ ಕೋಶಗಳೊಳಗೆ ಬೆಳೆಯುವ ರೋಗಾಣುವನ್ನು ಸ್ಪಷ್ಟವಾಗಿ ಕಂಡು, ೧೯೧೬ರಲ್ಲಿ ಅದಕ್ಕೆ ರಿಕೆಟ್ಸಿಯ ಪ್ರೊವಾಜೆಕಿ ಎಂದು ಹೆಸರಿಟ್ಟನು. ತೀರಿಹೋದ ಇಬ್ಬರ ಹೆಸರುಗಳು ಹೀಗೆ ಒಂದಾದವು. ಹೆಸರಿಟ್ಟವನು ತನ್ನ ಹೆಸರನ್ನು ಅಲ್ಲಿ ಸೇರಿಸಿಕೊಳ್ಳಲಿಲ್ಲ. ಚುಕ್ಕೆಜ್ವರದ ರೋಗಾಣುವನ್ನು ೧೯೧೯ರಲ್ಲಿ ವೊಲ್ಬಾಕ್ ಎಂಬವನು ರಕ್ತನಾಳಗಳ ಒಳಪದರದ ಕೋಶಗಳಲ್ಲಿ ಗುರುತಿಸಿದನು. ಈಗ ಅದರ ಹೆಸರು ರಿಕೆಟ್ಸಿಯ ರಿಕೆಟ್ಸಿಯೈ. ಬಿಟರ್‌ರೂಟ್ ಕಣಿವೆಯಲ್ಲಿ ಹಾಮಿಲ್ಟನ್ ಊರಿನ ಬಳಿ ಪಾಳುಬಿದ್ದ ಒಂದು ಶಾಲೆಯ ಮನೆಯಲ್ಲಿ ಸಂಶೋಧನೆ ಮುಂದುವರಿಯಿತು. ಅಲ್ಲಿ ಸ್ಪೆನ್ಸರ್ ಮತ್ತು ಪಾರ್ಕರ್ ಎಂಬವರು ರೋಗದ ಉಣ್ಣಿಗಳನ್ನೇ ಅರೆದು ಲಸಿಕೆಯನ್ನು ಮಾಡಿದರು. ೧೯೨೪ರಲ್ಲಿ ಸ್ಪೆನ್ಸರನು ಅದನ್ನು ಮೊದಲು ತನಗೇ ಚುಚ್ಚಿಕೊಂಡನು.

ಆಮೇಲೆ ಈ ಕುಲದ ರೋಗಗಳು ಒಂದೊಂದಾಗಿ ಗುರುತಿಗೆ ಬಂದವು. ಇಲಿಯ ಮೈಮೇಲಿನ ಚಿಗಟದಿಂದ ಬರುವುದು ಒಂದು ಬಗೆಯ ಟೈಫಸ್. ಪೊದೆ ಹುಲ್ಲುಗಳಲ್ಲಿರುವ ಕೆಂಪು ನುಸಿಯ ಮರಿಗಳಿಂದ ಬರುವುದು ಪೊದೆಜ್ವರ, ಎಂದರೆ ಸ್ಕ್ರಬ್ ಟೈಫಸ್. ಎರಡನೆಯ ಮಹಾಯುದ್ಧದಲ್ಲಿ ಅಸ್ಸಾಮ್ ಮತ್ತು ಬರ್ಮಾದ ಕಾಡುಗಳಲ್ಲಿ ಕಾದಾಡಿದ ಸೈನಿಕರನ್ನು ಈ ಪೊದೆಜ್ವರ ಬಹಳವಾಗಿ ಪೀಡಿಸಿತು. ಇದರ ರೋಗಾಣುವಿಗೆ ೧೯೯೫ರಲ್ಲಿ ಓರಿಯೆಂಷಿಯ ಎಂಬ ಬೇರೆ ಹೆಸರು ಬಂದರೂ ಅದು ರಿಕೆಟ್ಸಿಯಗಳ ಹತ್ತಿರದ ಬಂಧುವೇ. ೧೯೪೩-೪೪ರಲ್ಲಿ ನೇಪಲ್ಸ್ ನಗರದಲ್ಲಿ ಹಬ್ಬಿದ ಟೈಫಸ್ಸನ್ನು ಜನರ ಬಟ್ಟೆಗಳಿಗೆ ಹೇನುಗಳನ್ನು ಕೊಲ್ಲುವ ಪುಡಿಯನ್ನು ಊದಿ ತಡೆದರು. ದೂತನು ಯಾರೆಂಬುದು ತಿಳಿದಿದ್ದರಿಂದಲೇ ಅದು ಸಾಧ್ಯವಾಯಿತು. ಇಷ್ಟೆಲ್ಲ ತಿಳಿದಿದ್ದರೂ ಮರುವರ್ಷವೇ ನಾಟ್ಸಿಗಳ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಸಾವಿರಾರು ಸೆರೆಯಾಳುಗಳು ಟೈಫಸ್ಸಿನಿಂದ ಸತ್ತರು. ಅಲ್ಲಿ ಕೊರತೆಯಾಗಿದ್ದುದು ವಿಜ್ಞಾನವಲ್ಲ, ಮನುಷ್ಯತ್ವ.

ಈ ರೋಗಗಳು ನಮ್ಮಿಂದ ದೂರವೆಂದು ಯಾರೂ ಭಾವಿಸಬಾರದು. ಪೊದೆಜ್ವರವೂ ಚುಕ್ಕೆಜ್ವರದ ಜಾತಿಯ ಜ್ವರಗಳೂ ನಮ್ಮ ಕರ್ನಾಟಕದಲ್ಲಿಯೂ ಕಂಡುಬರುತ್ತವೆ. ಮಳೆಗಾಲದಲ್ಲಿಯೂ ಅದರ ಹಿಂದೆಯೂ ಬರುವ ಜ್ವರಗಳಲ್ಲಿ ಇವು ಸೇರಿರುವುದನ್ನು ವೈದ್ಯರು ಗುರುತಿಸಿದ್ದಾರೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯೂ ಉಣ್ಣಿಯಿಂದಲೇ ಬರುವುದಾದರೂ ಅದರ ಮೂಲ ವೈರಸ್, ರಿಕೆಟ್ಸಿಯ ಅಲ್ಲ. ಇವೆರಡನ್ನು ಒಂದೆಂದು ತಿಳಿಯಬಾರದು. ವ್ಯತ್ಯಾಸವು ಪ್ರಾಣದ ವ್ಯತ್ಯಾಸವಾಗಬಹುದು. ಏಕೆಂದರೆ ಮಂಗನ ಕಾಯಿಲೆಯ ವೈರಸ್ಸಿಗೆ ನಾಟುವ ಸಿದ್ಧೌಷಧವಿಲ್ಲ. ರಿಕೆಟ್ಸಿಯ ಜ್ವರಗಳಿಗಾದರೋ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ರಾಮಬಾಣ. ಆದರೆ ಬಾಣವನ್ನು ಹೊತ್ತಿಗೆ ಸರಿಯಾಗಿ ಬಿಡಬೇಕು. ತಡವಾದಷ್ಟೂ ಅಪಾಯ ಹೆಚ್ಚು. ಪೊದೆಜ್ವರದಲ್ಲಿ ನುಸಿ ಕಚ್ಚಿದ ಕಡೆ ಸಿಗರೇಟಿನಿಂದ ಸುಟ್ಟಂತೆ ಒಂದು ಕಪ್ಪು ಹಕ್ಕಳೆ ಕಾಣುವುದುಂಟು. ಕಂಕುಳಲ್ಲಿಯೋ ತೊಡೆಯ ಸಂದಿಯಲ್ಲಿಯೋ ಇರುವ, ನೋವಿಲ್ಲದ ಆ ಗುರುತನ್ನು ರೋಗಿ ತಾನಾಗಿ ಹೇಳುವುದಿಲ್ಲ, ಹುಡುಕಿ ನೋಡಬೇಕು.

ಇನ್ನೊಂದು ಬೆರಗಿನ ಸಂಗತಿ. ೧೯೯೮ರಲ್ಲಿ ವಿಜ್ಞಾನಿಗಳು ಟೈಫಸ್ ರೋಗಾಣುವಿನ ಆನುವಂಶಿಕ ಲಿಪಿಯನ್ನು ಸಂಪೂರ್ಣವಾಗಿ ಓದಿದರು. ನಮ್ಮ ಪ್ರತಿಯೊಂದು ಜೀವಕೋಶದಲ್ಲಿಯೂ ಕುಳಿತು ಶಕ್ತಿಯನ್ನು ಒದಗಿಸುವ ಮೈಟೋಕಾಂಡ್ರಿಯಗಳಿಗೂ ಈ ರೋಗಾಣುವಿಗೂ ಹತ್ತಿರದ ನೆಂಟಸ್ತನವಿದೆಯೆಂದು ಅದರಿಂದ ತಿಳಿಯಿತು. ಎಂದೋ ಒಂದು ಕಾಲದಲ್ಲಿ ಜೀವಕೋಶವನ್ನು ಹೊಕ್ಕ ಒಬ್ಬ ಬಂಧು ಮನೆಯ ಅಡಿಗೆಯವನಾಗಿ ಉಳಿದನು. ಇನ್ನೊಬ್ಬನು ಮನೆಗೆ ಬೆಂಕಿಯಿಡುವವನಾದನು ಎನ್ನಬಹುದೇನೋ.

ರಿಕೆಟ್ಸನನ್ನು ಕುರಿತು ಬರೆದವರು ಸಾಮಾನ್ಯವಾಗಿ ಅವನನ್ನು ವಿಜ್ಞಾನದ ಹುತಾತ್ಮನೆಂದು ಹೊಗಳುತ್ತಾರೆ. ಆ ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ನನಗೆ ಅದು ಪೂರ್ತಿ ಒಪ್ಪಿಗೆಯಲ್ಲ. ಸಾಯುವುದಕ್ಕಾಗಿ ಅವನು ಮೆಕ್ಸಿಕೋಗೆ ಹೋಗಲಿಲ್ಲ, ತಿಳಿಯುವುದಕ್ಕಾಗಿ ಹೋದನು. ಅವನ ಸಾವು ನಮಗೆ ಒಂದೂ ಹೊಸ ಸಂಗತಿಯನ್ನು ಕಲಿಸಲಿಲ್ಲ. ಅವನು ಬದುಕಿದ್ದರೆ ಇನ್ನೆಷ್ಟು ಕಲಿಸುತ್ತಿದ್ದನೋ! ಇಪ್ಪತ್ತು ಮೂವತ್ತು ವರ್ಷಗಳ ದುಡಿಮೆಯನ್ನು ನಾವು ಕಳೆದುಕೊಂಡೆವು. ಇಬ್ಬರು ಮಕ್ಕಳು ತಂದೆಯನ್ನು ಕಳೆದುಕೊಂಡರು. ಮಹಾಪುರುಷರ ಮರಣವನ್ನು ಕೊಂಡಾಡುವುದು ನಮಗೆ ಸುಲಭ, ಏಕೆಂದರೆ ಅದನ್ನು ಅನುಸರಿಸುವಂತೆ ಯಾರೂ ನಮ್ಮನ್ನು ಕೇಳುವುದಿಲ್ಲ. ಅವರ ಎಚ್ಚರಿಕೆಯನ್ನು ಕೊಂಡಾಡುವುದು ಕಷ್ಟ, ಏಕೆಂದರೆ ಅದನ್ನು ನಾಳೆಯಿಂದಲೇ ಅನುಸರಿಸಬೇಕಾಗುತ್ತದೆ.

ಸಹಪಾಠಿಗಳೆ, ಕಂಡದ್ದು ಎಷ್ಟು, ಊಹಿಸಿದ್ದು ಎಷ್ಟು, ಸಾಧಿಸಿದ್ದು ಎಷ್ಟು ಎಂಬ ಮೂರು ಕಂಬಗಳನ್ನು ಬೇರೆ ಬೇರೆಯಾಗಿ ನಿಲ್ಲಿಸುವ ಪ್ರಾಮಾಣಿಕತೆ ಪ್ರಯೋಗಶಾಲೆಗೆ ಮಾತ್ರ ಬೇಕಾದದ್ದಲ್ಲ. ಶಾಸನವನ್ನು ಓದುವವನಿಗೂ, ಕಾವ್ಯದ ಪಾಠಾಂತರವನ್ನು ನಿರ್ಣಯಿಸುವವನಿಗೂ, ಚುನಾವಣೆಯಲ್ಲಿ ಮತ ಹಾಕುವವನಿಗೂ ಅದು ಬೇಕು. ರಿಕೆಟ್ಸನು ಡೇರೆಯೊಳಗೆ ಕುಳಿತು ಈ ಶಿಸ್ತನ್ನು ಬಿಡದೆ ನಡೆಸಿದನು. ಅವನ ಕಾಲಕ್ಕೆ ಚುಕ್ಕೆಜ್ವರಕ್ಕೆ ಮದ್ದಿರಲಿಲ್ಲ. ಇಂದು ಆ ಮಾತ್ರೆ ಎಲ್ಲ ಸರ್ಕಾರಿ ಆಸ್ಪತ್ರೆಗಳ ಕಪಾಟಿನಲ್ಲಿಯೂ ಇರಬೇಕಾದಂಥ ಸಾಮಾನ್ಯ ವಸ್ತುವಾಗಿದೆ. ಕಾಡಿಗೋ ಹೊಲಕ್ಕೋ ಹೋಗಿ ಬಂದವರಿಗೆ ವಾರ ಎರಡು ವಾರಗಳಲ್ಲಿ ಜೋರಾದ ಜ್ವರ ಬಂದರೆ, ಎಲ್ಲಿ ಓಡಾಡಿದ್ದೆವು, ಏನು ಕಚ್ಚಿತು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ರಿಕೆಟ್ಸನು ಪ್ರಾಣ ತೆತ್ತು ಮುಂದುವರಿಸಿದ ಜ್ಞಾನದಲ್ಲಿ ನಮ್ಮ ಪಾಲಿಗೆ ಬಂದಿರುವ ಕೆಲಸ ಇಷ್ಟೇ, ಇದನ್ನಾದರೂ ಮರೆಯದಿರೋಣ.